ಟ್ರಿನಿಡಾಡ್‌ನಲ್ಲಿ ನೋಡಲೇಬೇಕಾದ ಹಳೆಯ ಚರ್ಚುಗಳು, ಪೂಜಾಸ್ಥಳಗಳು ಯಾವುವು?

ಮೂರ್ನಾಲ್ಕು ದಿನ ಬಿಡುವಿದೆ, ಬೀಚು ಬೇಡ, ಹಳೆಯ ಚರ್ಚು-ಗುಡಿ ನೋಡಬೇಕು ಅಂದಿದ್ದೀರಿ. ಕೆಲಸದ ಮೇಲೆ ಕೆಲಕಾಲ ಅಲ್ಲಿದ್ದವನು ನಾನು. ನನ್ನ ಮಾತು ಕೇಳುವುದಾದರೆ ರಾಜಧಾನಿಗೆ ಅರ್ಧ ದಿನ ಕೊಡಿ, ಉಳಿದದ್ದನ್ನು ದಕ್ಷಿಣಕ್ಕೆ ಎತ್ತಿಡಿ.

ಪೋರ್ಟ್ ಆಫ್ ಸ್ಪೇನ್‌ನ ಎರಡು ಕೆಥೆಡ್ರಲ್‌ಗಳ (ಬಿಷಪ್ಪರ ಮುಖ್ಯ ಚರ್ಚುಗಳ) ನಡುವೆ ನಡೆದೇ ಓಡಾಡಬಹುದು. ಆಂಗ್ಲಿಕನ್ನರ, ಅಂದರೆ ಇಂಗ್ಲೆಂಡಿನ ಚರ್ಚಿನವರ, ಹೋಲಿ ಟ್ರಿನಿಟಿ 1823ರದು. ಒಳಗೆ ಕಾಲಿಟ್ಟವರು ತಲೆಯೆತ್ತಿ ಮರದ ಚಾವಣಿ ನೋಡಿ. ಕ್ಯಾಥೊಲಿಕ್ಕರದು 1832ರಲ್ಲಿ ಮುಗಿದದ್ದು. ಚೆನ್ನಾಗಿವೆ, ಇಲ್ಲವೆನ್ನಲಾರೆ. ಆದರೆ ಬ್ರಿಟಿಷರು ಆಳಿದ ಬೇರೆ ಊರುಗಳಲ್ಲೂ ಇಂಥವು ಸಿಗುತ್ತವೆ.

ದಕ್ಷಿಣದ ಸಿಪಾರಿಯಾ ಊರಿನ ಲಾ ದಿವೀನಾ ಪಾಸ್ತೋರಾ ಚರ್ಚಿನಂಥದ್ದು ಮಾತ್ರ ಸಿಗುವುದಿಲ್ಲ. ಕಟ್ಟಡ ಸಾಧಾರಣ. ಒಳಗಿರುವುದು ಬಟ್ಟೆ-ಒಡವೆ ತೊಡಿಸಿದ ಕಂದುಬಣ್ಣದ ಮೇರಿ ಮಾತೆಯ ಮೂರ್ತಿ. 1845ರಿಂದ ಕಬ್ಬಿನ ತೋಟಗಳಿಗೆ ಕರಾರು ಕೂಲಿಗಳಾಗಿ ಬಂದ ಭಾರತೀಯರಿಗೆ ಆ ಮೈಬಣ್ಣದಲ್ಲಿ ಕಾಳಿ ಕಂಡಳು. ಅವರ ಬಾಯಲ್ಲಿ ಈಕೆ ಸಿಪಾರೀ ಮಾಯಿ. ಗುಡ್‌ ಫ್ರೈಡೇ ಹಿಂದಿನ ದಿನದಿಂದಲೇ ಹಿಂದೂಗಳ ಸಾಲು ಶುರು. ಕಂಕುಳಲ್ಲಿ ಕೂಸು, ಕೈಯಲ್ಲಿ ಎಣ್ಣೆ, ಅಕ್ಕಿ, ಹೂವು, ಮೇಣದಬತ್ತಿ. ಹರಕೆ ಹೊತ್ತವರು ಮಗುವಿನ ಮೊದಲ ಕೂದಲನ್ನು ಅಲ್ಲೇ ತೆಗೆಸುತ್ತಾರೆ. ಕ್ಯಾಥೊಲಿಕ್ಕರ ಹಬ್ಬ, ಮೆರವಣಿಗೆ ಎಲ್ಲ ಈಸ್ಟರ್ ಕಳೆದು ಕೆಲವು ವಾರಕ್ಕೆ. ಮೂರ್ತಿ ಒಂದೇ, ಜಾತ್ರೆ ಎರಡು. ಯಾವುದಾದರೂ ಒಂದಕ್ಕೆ ಹೊಂದುವಂತೆ ಟಿಕೆಟ್ ಮಾಡಿಸಿ.

ಇನ್ನೊಂದು ದಿನ ವಾಟರ್‌ಲೂಗೆ ಹೋಗಿ, ಸಮುದ್ರದೊಳಗಿನ ಗುಡಿ ನೋಡಲು. ಕಬ್ಬಿನ ಕೂಲಿ ಸಿವದಾಸ್ ಸಾಧು 1947ರಲ್ಲಿ ಸಕ್ಕರೆ ಕಂಪನಿಯ ಜಾಗದಲ್ಲಿ ಗುಡಿ ಕಟ್ಟಿದ. 1952ರಲ್ಲಿ ಅದನ್ನು ಕೆಡವಿಸಿ ಅವನನ್ನು 14 ದಿನ ಜೈಲಿಗೆ ಹಾಕಿದರು. ನೆಲ ನಿಮ್ಮದಾದರೆ ಸಮುದ್ರ ಯಾರಪ್ಪನದು ಅನ್ನುವ ಹಾಗೆ, ಆತ ಸೈಕಲ್‌ನಲ್ಲಿ ಕಲ್ಲು, ಸಿಮೆಂಟು ಸಾಗಿಸಿ, ನೀರಿನಲ್ಲೇ ತುಂಬುತ್ತ ವರ್ಷಗಟ್ಟಲೆ ಒಬ್ಬನೇ ದುಡಿದು ಮತ್ತೆ ಕಟ್ಟಿದ. ಅಲೆಗೆ ಶಿಥಿಲವಾಗಿದ್ದ ಅದನ್ನು 1995ರಲ್ಲಿ, ಭಾರತೀಯರು ಬಂದು 150 ವರ್ಷವಾದಾಗ, ಸರ್ಕಾರ ಪುನಃ ಕಟ್ಟಿಸಿತು. ಈಗ ದಡದಿಂದ ಕಾಲುದಾರಿಯಿದೆ, ಬಿದಿರಿನ ಗಳಗಳ ತುದಿಯಲ್ಲಿ ಬಣ್ಣಬಣ್ಣದ ಝಂಡಿ, ಅಂದರೆ ಪೂಜೆಯ ಬಾವುಟ. ಸಮುದ್ರದ ಭರತದ ಹೊತ್ತು ನೋಡಿಕೊಂಡು ಹೋಗಿ. ನೀರಿಳಿದಾಗ ಸುತ್ತ ಬರೀ ಕೆಸರು. ಪಕ್ಕದಲ್ಲೇ ಸುಡುಗಾಡಿದೆ, ಶವಸಂಸ್ಕಾರ ನಡೆಯುತ್ತಿದ್ದರೆ ಕ್ಯಾಮೆರಾ ಒಳಗಿಡಿ.

ಅಲ್ಲೇ ಹತ್ತಿರ ಕಾರಪಿಚೈಮಾದಲ್ಲಿ 85 ಅಡಿಯ ಆಂಜನೇಯ ನಿಂತಿದ್ದಾನೆ. 2003ರಲ್ಲಿ ಪ್ರತಿಷ್ಠಾಪಿಸಿದವರು ನಮ್ಮ ಮೈಸೂರಿನ ದತ್ತಪೀಠದ ಗಣಪತಿ ಸಚ್ಚಿದಾನಂದ ಸ್ವಾಮೀಜಿ. ಪಕ್ಕದ ದತ್ತಾತ್ರೇಯ ಗುಡಿ ದಕ್ಷಿಣ ಭಾರತದ ಶೈಲಿಯದು. ಹಳೆಯದಲ್ಲ, ನೀವು ಕೇಳಿದ ಪಟ್ಟಿಗೆ ಸೇರುವುದೂ ಇಲ್ಲ, ಆದರೂ ಅಷ್ಟು ದೂರ ಹೋದ ಕನ್ನಡಿಗರು ಬಿಟ್ಟು ಬರುವುದು ಹೇಗೆ?

ಓಡಾಟಕ್ಕೆ ಮ್ಯಾಕ್ಸಿ ಟ್ಯಾಕ್ಸಿ (ಹಲವರು ಕೂಡಿ ಹೋಗುವ ಮಿನಿಬಸ್ಸು) ಅಗ್ಗ. ದಕ್ಷಿಣಕ್ಕೆ ಹಸಿರು ಪಟ್ಟಿಯದನ್ನು ಹತ್ತಿ ಸ್ಯಾನ್ ಫರ್ನಾಂಡೋದಲ್ಲಿ ಇಳಿದು ಸಿಪಾರಿಯಾಕ್ಕೆ ಬೇರೆ ಗಾಡಿ ಹಿಡಿಯಬೇಕು. ದಾರಿಯಲ್ಲಿ ಹಸಿವಾದರೆ ಡಬಲ್ಸ್ ತಿನ್ನಿ, ಕರಿದ ಮೆತ್ತನೆ ರೊಟ್ಟಿಗಳ ನಡುವೆ ಕಡಲೆಕಾಳಿನ ಪಲ್ಯ, ಸಸ್ಯಾಹಾರಿಗಳಿಗೂ ಸರಿ. ಚರ್ಚಿಗೂ ಗುಡಿಗೂ ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಸೈನಿಕರ ಮಾದರಿಯ ಮಚ್ಚೆ ಮಚ್ಚೆ (ಕ್ಯಾಮೊಫ್ಲಾಜ್) ಬಟ್ಟೆಯನ್ನಂತೂ ಮನೆಯಲ್ಲೇ ಬಿಟ್ಟು ಹೋಗಿ, ಅಲ್ಲಿ ಅದನ್ನು ತೊಡುವುದು ಕಾನೂನಿಗೆ ವಿರುದ್ಧ.