ಹಳೆಯ ವಾಲ್ವ್ ರೇಡಿಯೋದ ಪೆಟ್ಟಿಗೆಯಲ್ಲಿ ಕಂಪ್ಯೂಟರ್ ಕೂರಿಸಬಹುದೇ?

ಅಟ್ಟದಲ್ಲಿ ಅಜ್ಜನ ಕಾಲದ ವಾಲ್ವ್ (ಗಾಜಿನ ಬುರುಡೆಯ) ರೇಡಿಯೋ ಸಿಕ್ಕಿದೆ, ಮಾತಾಡುತ್ತಿಲ್ಲ, ಅದರ ಮರದ ಪೆಟ್ಟಿಗೆಯೊಳಗೆ ಮನೆಯ ಕಂಪ್ಯೂಟರ್ ಕೂರಿಸಬೇಕು, ಆದರೆ ಪೆಟ್ಟಿಗೆ ಹಾಳಾಗಬಾರದು ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ಸಾಗರದ ಹತ್ತಿರದ ನಮ್ಮ ಮನೆಯಲ್ಲಿ ಅಂಥದ್ದೊಂದು ಮೂರು ವರ್ಷದಿಂದ ದಿನಾ ಓಡುತ್ತಿದೆ. ಪೆಟ್ಟಿಗೆಗೆ ಒಂದೇ ಒಂದು ಹೊಸ ತೂತು ಕೊರೆದಿಲ್ಲ.

ಆದರೆ ಮೊದಲು ಆ ರೇಡಿಯೋ ನಿಜವಾಗಿ ಸತ್ತಿದೆಯಾ ನೋಡಿಸಿ. ವಾಲ್ವ್ ಸೆಟ್ಟುಗಳು ಸುಲಭಕ್ಕೆ ಸಾಯುವುದಿಲ್ಲ. ಬಹಳ ಸಲ ಹೋಗಿರುವುದು ಹಳೆಯ ಪೇಪರ್ ಕೆಪಾಸಿಟರ್‌ಗಳು ಮಾತ್ರ. ಅವನ್ನು ಬದಲಿಸಿದರೆ ಅರವತ್ತು ವರ್ಷದ ಸೆಟ್ಟೂ ಹಾಡುತ್ತದೆ. ಇಎಲ್ 84 ಥರದ ವಾಲ್ವ್‌ಗಳು ಇವತ್ತಿಗೂ ಗಿಟಾರ್ ಆಂಪ್ಲಿಫೈಯರ್‌ಗಳಿಗೆ ಬೇಕಾಗುವುದರಿಂದ ಹೊಸದೇ ಸಿಗುತ್ತವೆ. ಹಾಗಂತ ಸುಮ್ನೆ ಪ್ಲಗ್ ಹಾಕಿ ಪರೀಕ್ಷೆ ಮಾಡಬೇಡಿ. ಸೋರುವ ಕೆಪಾಸಿಟರ್ ಜೊತೆಗೆ ಟ್ರಾನ್ಸ್‌ಫಾರ್ಮರ್ ಕೂಡ ಸುಟ್ಟು ಹೋಗಬಹುದು. ಹಳೆಯ ರಿಪೇರಿಯವರು ಮೊದಲು ಸೀರೀಸ್ ಬಲ್ಬ್ (ಕರೆಂಟ್ ಅತಿಯಾಗಿ ಹರಿಯದಂತೆ ನಡುವೆ ಜೋಡಿಸುವ ಬಲ್ಬ್) ಹಾಕಿಯೇ ಕರೆಂಟ್ ಕೊಡುತ್ತಾರೆ. ಅಂಥವರ ಹತ್ತಿರ ಒಯ್ಯಿರಿ. ನಮ್ಮದರಲ್ಲಿ ಇಲಿ ಗೂಡು ಕಟ್ಟಿ ಕಾಯಿಲ್‌ಗಳನ್ನೆಲ್ಲ ಕಡಿದಿತ್ತು, ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು, ಸ್ಟೇಷನ್ ಹಿಡಿಯಲು ತಿರುಗಿಸುವ ಗ್ಯಾಂಗ್ ಕಂಡೆನ್ಸರ್ ತುಕ್ಕು ಹಿಡಿದು ತಿರುಗುತ್ತಲೇ ಇರಲಿಲ್ಲ. ರಿಪೇರಿಯವರು ಆಗಲ್ಲ ಅಂದ ಮೇಲೆಯೇ ನಾನು ಕೈ ಹಾಕಿದ್ದು.

ಬಿಚ್ಚುವಾಗ ಜೋಪಾನ. ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ 250ರಿಂದ 300 ವೋಲ್ಟ್ ಓಡುತ್ತಿರುತ್ತದೆ. ಯಾರಾದರೂ ಈಚೆಗೆ ಪ್ಲಗ್ ಹಾಕಿ ನೋಡಿದ್ದರೆ, ತೆಗೆದ ಮೇಲೂ ಅದು ಉಳಿದಿರಬಹುದು. ಮೀಟರ್ ಹಿಡಿದು ನೋಡದೆ ಬೆರಳು ಇಡಬೇಡಿ. ಕೆಲವು ಸೆಟ್ಟುಗಳಲ್ಲಿ ವಾಲ್ವ್ ಬಿಸಿ ತಾಗದಂತೆ ಪೆಟ್ಟಿಗೆಯ ಒಳಮಗ್ಗುಲಿಗೆ ಬಿಳಿ ಅಥವಾ ಬೂದು ಬಣ್ಣದ ಆಸ್ಬೆಸ್ಟಾಸ್ ಹಾಳೆ ಅಂಟಿಸಿರುತ್ತಾರೆ. ಅದನ್ನು ಕೆರೆಯಬೇಡಿ, ಉಜ್ಜಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಈಗ ಮುಖ್ಯ ವಿಷಯ. ನಿಮ್ಮ ಸಮಸ್ಯೆಗೆ ಪರಿಹಾರವನ್ನು ಆ ರೇಡಿಯೋ ಮಾಡಿದವರೇ ಇಟ್ಟು ಹೋಗಿದ್ದಾರೆ. ಮುಂದಿನ ನಾಬ್‌ಗಳನ್ನು ಎಳೆದು ತೆಗೆಯಿರಿ. ತಳದಲ್ಲಿ ನಾಲ್ಕು ಸ್ಕ್ರೂ ಇರುತ್ತವೆ, ಬಿಚ್ಚಿ. ಸ್ಪೀಕರ್ ವೈರ್ ಬಿಡಿಸಿದರೆ ಇಡೀ ಯಂತ್ರ ತನ್ನ ತಗಡಿನ ಚಾಸಿ (ಭಾಗಗಳನ್ನು ಕೂರಿಸಿರುವ ಚೌಕಟ್ಟು) ಸಮೇತ ಹಿಂದಿನಿಂದ ಜಾರಿ ಹೊರಗೆ ಬರುತ್ತದೆ. ಅಂದರೆ ಯಂತ್ರವನ್ನು ಪೆಟ್ಟಿಗೆಗೆ ಅಂಟಿಸಿಲ್ಲ, ಜಡಿದಿಲ್ಲ. ನೀವೂ ಹಾಗೇ ಮಾಡಿ. 2 ಮಿಲಿಮೀಟರ್ ಅಲ್ಯುಮಿನಿಯಂ ಹಾಳೆಯನ್ನು ಆ ಚಾಸಿಯ ಅಳತೆಗೇ ಕತ್ತರಿಸಿ, ಅದೇ ನಾಲ್ಕು ತೂತು ಬರುವಂತೆ ಕೊರೆಸಿ. ಮಿನಿ ಐಟಿಎಕ್ಸ್ ಅನ್ನುವ ಚಿಕ್ಕ ಅಳತೆಯ ಮದರ್‌ಬೋರ್ಡ್ (ಕಂಪ್ಯೂಟರಿನ ಮುಖ್ಯ ಬೋರ್ಡ್) ಅಂದರೆ 170 ಮಿಲಿಮೀಟರ್ ಚೌಕ, ನಾಲ್ಕೇ ಸ್ಕ್ರೂ. ದೊಡ್ಡ ಟೇಬಲ್ ರೇಡಿಯೋದಲ್ಲಿ ಆರಾಮಾಗಿ ಕೂರುತ್ತದೆ. ಬೋರ್ಡ್, ಫೈಲು ಉಳಿಸುವ ಎಸ್‌ಎಸ್‌ಡಿ, ಫ್ಯಾನ್ ಎಲ್ಲ ಆ ತಗಡಿನ ಮೇಲೆಯೇ ಇರಲಿ. ಕೆಟ್ಟರೆ ನಾಲ್ಕು ಸ್ಕ್ರೂ ಬಿಚ್ಚಿ ಎಳೆದರಾಯಿತು. ಯುಎಸ್‌ಬಿ ಬೇಕು ಅಂತ ಮುಂಭಾಗವನ್ನು ಕೊಯ್ದವರನ್ನು ನೋಡಿದ್ದೇನೆ. ನನಗೆ ನಿಜವಾಗಿ ಸಂಕಟವಾಗುತ್ತದೆ. ಮೇಲಿನ ತೆಳು ಮರದ ಪದರ (ವೆನೀರ್) ಒಮ್ಮೆ ಸೀಳಿದರೆ ಮತ್ತೆ ಕೂಡುವುದಿಲ್ಲ. ಒಂದು ಎಕ್ಸ್‌ಟೆನ್ಷನ್ ಕೇಬಲ್ ಅನ್ನು ಹಿಂದಿನಿಂದ ಪಕ್ಕಕ್ಕೆ ತಂದರೆ ಸಾಕಲ್ವಾ?

ಡಯಲ್ ಗಾಜಿನ ವಿಷಯ ಬಿಡಿಸಿ ಹೇಳಲೇಬೇಕು. ಊರುಗಳ ಹೆಸರು, ಮೀಟರ್ ಅಂಕಿ ಎಲ್ಲ ಇರುವುದು ಗಾಜಿನ ಒಳಮಗ್ಗುಲಿನಲ್ಲಿ, ತೀರ ಸೂಕ್ಷ್ಮವಾದ ಬಣ್ಣದಲ್ಲಿ. ಧೂಳು ಜಾಸ್ತಿ ಇತ್ತು ಅಂತ ನಾನು ಒದ್ದೆ ಬಟ್ಟೆ ಹಿಡಿದು ಒಂದೇ ಸಲ ಎಳೆದೆ. ಬಟ್ಟೆಗೆ ಹಳದಿ ಬಣ್ಣ ಅಂಟಿ ಬಂತು. ನೋಡಿದರೆ ಶಾರ್ಟ್‌ವೇವ್ ಸಾಲಿನಲ್ಲಿ ರೇಡಿಯೋ ಸಿಲೋನ್‌ನ ಹೆಸರು ಇಲ್ಲ. ನಮ್ಮ ಮನೆಯಲ್ಲಿ ಹಿಂದಿ ಸಿನಿಮಾ ಹಾಡುಗಳ ಬಿನಾಕಾ ಗೀತಮಾಲಾ ಕೇಳಲು ಬುಧವಾರ ರಾತ್ರಿ ಮುಳ್ಳು ನಿಲ್ಲುತ್ತಿದ್ದ ಜಾಗ ಅದು. ಅಮ್ಮ ಏನೂ ಅನ್ನಲಿಲ್ಲ, ಗಾಜನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದರು. ನೀವು ಅಕ್ಷರ ಇರುವ ಕಡೆ ಮೆತ್ತನೆಯ ಒಣ ಬ್ರಷ್ ಮಾತ್ರ ಆಡಿಸಿ. ಮರಕ್ಕೂ ಸ್ಪಿರಿಟ್, ಸ್ಯಾನಿಟೈಸರ್ ಮುಟ್ಟಿಸಬೇಡಿ. ಫ್ರೆಂಚ್ ಪಾಲಿಶ್ ಆಗಿದ್ದರೆ ಅದರಲ್ಲಿರುವ ಅರಗು ಕರಗಿ ಕಲೆ ನಿಲ್ಲುತ್ತದೆ.

ಬಿಸಿಯ ಬಗ್ಗೆ ಹೆದರಬೇಡಿ, ಲೆಕ್ಕ ಮಾತ್ರ ಹಾಕಿ. ಕೆಂಪಗೆ ಕಾಯುವ ವಾಲ್ವ್‌ಗಳನ್ನು ವರ್ಷಗಟ್ಟಲೆ ತಡೆದ ಪೆಟ್ಟಿಗೆ ಅದು. ಆ ಬಿಸಿ ಹಿಂದಿನ ಹಾರ್ಡ್‌ಬೋರ್ಡ್ ಹಲಗೆಯ ತೂತುಗಳಿಂದ ಹೋಗುತ್ತಿತ್ತು. ಹಾಗಾಗಿ ಆ ಹಲಗೆ ಬಿಸಾಡಬೇಡಿ. ನಾನು ತಗಡಿನ ಹಿಂದುಗಡೆ 120 ಮಿಲಿಮೀಟರಿನ ನಿಧಾನ ತಿರುಗುವ ಫ್ಯಾನ್ ನಿಲ್ಲಿಸಿದ್ದೇನೆ, ಅದು ಬಿಸಿಗಾಳಿಯನ್ನು ಅದೇ ತೂತುಗಳಿಂದ ಹೊರಗೆ ನೂಕುತ್ತದೆ. ತಣ್ಣನೆ ಗಾಳಿ ತಳದಲ್ಲಿ ರಿಪೇರಿಗೆಂದು ಬಿಟ್ಟಿರುವ ಕಿಂಡಿಯಿಂದ ಬರುತ್ತದೆ. 35 ವ್ಯಾಟ್ ಪ್ರೊಸೆಸರ್ ಸಾಕು, ಗೇಮ್‌ಗೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಕು ಅಂದರೆ ಈ ಆಸೆ ಬಿಡಿ. ಗೋಡೆಗೆ ಒತ್ತಿ ಇಡಬೇಡಿ, ನಾಲ್ಕು ಬೆರಳು ಜಾಗ ಇರಲಿ. ಕರೆಂಟಿಗೆ ಲ್ಯಾಪ್‌ಟಾಪ್ ಥರ ಹೊರಗಿನ 12 ವೋಲ್ಟ್ ಅಡಾಪ್ಟರ್, ಒಳಗೆ ಪಿಕೋ ಪಿಎಸ್‌ಯು, ಅಂದರೆ ಅದನ್ನು ಬೋರ್ಡಿಗೆ ಬೇಕಾದ ವೋಲ್ಟೇಜ್‌ಗಳಾಗಿ ಕೊಡುವ ಪುಟ್ಟ ಬೋರ್ಡ್. ಮರದ ಪೆಟ್ಟಿಗೆಯೊಳಗೆ 230 ವೋಲ್ಟ್ ಬರುವುದೇ ಇಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಇದು ದೊಡ್ಡ ನೆಮ್ಮದಿ.

ಟಕ್ ಅಂತ ಶಬ್ದ ಮಾಡುವ ವಾಲ್ಯೂಮ್ ನಾಬ್‌ನಿಂದಲೇ ಆನ್ ಮಾಡಬೇಕು ಅನ್ನುವ ಆಸೆ ನಿಮಗೂ ಇರಬಹುದು. ನಾನು ಆ ಸ್ವಿಚ್ಚನ್ನೇ ಬೋರ್ಡಿಗೆ ಜೋಡಿಸಿದೆ. ಕಂಪ್ಯೂಟರ್ ಆನ್ ಆಯಿತು, ನಾಲ್ಕು ಸೆಕೆಂಡಿಗೆ ಆಫ್ ಆಯಿತು. ಕಾರಣ ಇಷ್ಟೇ: ಆ ಸ್ವಿಚ್ ಒತ್ತಿದ ಹಾಗೇ ಉಳಿಯುತ್ತದೆ, ಕಂಪ್ಯೂಟರಿಗೆ ಒಮ್ಮೆ ಒತ್ತಿ ಬಿಡುವ ಸ್ವಿಚ್ ಬೇಕು. ಕೊನೆಗೆ ಬ್ಯಾಂಡ್ ಬದಲಿಸುವ ಪಿಯಾನೋ ಕೀಲಿಯ ಹಿಂದೆ ಚಿಕ್ಕ ಪುಶ್ ಬಟನ್ ಇಟ್ಟೆ. ವಾಲ್ಯೂಮ್ ನಾಬಿಗೆ ರೋಟರಿ ಎನ್‌ಕೋಡರ್ (ತಿರುಗಿಸಿದ್ದನ್ನು ಗುರುತಿಸುವ ಭಾಗ) ಮತ್ತು ಆರ್ಡುಯಿನೋ ಪ್ರೋ ಮೈಕ್ರೋ ಅನ್ನುವ ಪುಟ್ಟ ನಿಯಂತ್ರಕ ಬೋರ್ಡ್ ಹಾಕಿದೆ. ಕಂಪ್ಯೂಟರ್ ಅದನ್ನು ಕೀಬೋರ್ಡ್ ಅಂತಲೇ ತಿಳಿಯುತ್ತದೆ. ಈಗ ರೇಡಿಯೋದ ಕಿವಿ ಹಿಂಡಿದರೆ ಸದ್ದು ಏರುತ್ತದೆ, ಇಳಿಯುತ್ತದೆ. ಡಯಲ್ ಹಿಂದೆ ಹಳದಿ ಬೆಳಕಿನ ಎಲ್‌ಇಡಿ ಇದೆ. ಸ್ಟೇಷನ್ ಸರಿಯಾಗಿ ಸಿಕ್ಕಿದೆಯಾ ಅಂತ ತೋರಿಸುವ ಹಸಿರು ದೀಪ, ಮ್ಯಾಜಿಕ್ ಐ, ಹೊತ್ತಿಸಲು ಮತ್ತೆ 250 ವೋಲ್ಟ್ ಬೇಕು, ಹಾಗಾಗಿ ಅದನ್ನು ಹಾಗೇ ಬಿಟ್ಟೆ.

ಮರದ ಪೆಟ್ಟಿಗೆಯಿಂದ ವೈಫೈಗೆ ಅಡ್ಡಿಯಿಲ್ಲ, ಆಂಟೆನಾ ಒಳಗೇ ಇಡಬಹುದು. ಆದರೆ ಕಂಪ್ಯೂಟರ್ ಹೊರಡಿಸುವ, ರೇಡಿಯೋಗೆ ಅಡ್ಡಿ ಮಾಡುವ ಅಲೆಗಳನ್ನೂ ಮರ ತಡೆಯುವುದಿಲ್ಲ. ನಮ್ಮ ಅಮ್ಮ ಈಗಲೂ ಟ್ರಾನ್ಸಿಸ್ಟರಿನಲ್ಲಿ 675 ಕಿಲೋಹರ್ಟ್ಸ್‌ನ ಭದ್ರಾವತಿ ಆಕಾಶವಾಣಿ ಕೇಳುತ್ತಾರೆ. ಮೊದಲ ದಿನ ಅದರಲ್ಲಿ ಬರೀ ಗುಂಯ್ ಅನ್ನುವ ಸದ್ದು. ಟ್ರಾನ್ಸಿಸ್ಟರ್ ಅಡುಗೆಮನೆಗೆ ಹೋದ ಮೇಲೆ ಸರಿಯಾಯಿತು.

ತೆಗೆದ ಹಳೆಯ ಚಾಸಿ, ವಾಲ್ವ್, ಸ್ಕ್ರೂ ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತಿ ಎತ್ತಿಡಿ. ಸದ್ಯಕ್ಕೆ ಹಿಂದಿನ ಹಲಗೆ ಬಿಚ್ಚಿ ಚಾಸಿಯ ಉದ್ದ, ಅಗಲ ಮತ್ತು ಪೆಟ್ಟಿಗೆಯ ಆಳ ಅಳೆದು ತಿಳಿಸಿ. ಆಳ 20 ಸೆಂಟಿಮೀಟರ್ ದಾಟಿದ್ದರೆ ಬೋರ್ಡ್ ಅಡ್ಡ ಮಲಗುತ್ತದೆ, ಕಡಿಮೆ ಇದ್ದರೆ ನಿಲ್ಲಿಸಬೇಕು. ತಗಡಿಗೆ ಎಲ್ಲಿ ತೂತು ಹಾಕಬೇಕು ಅಂತ ಗುರುತು ಮಾಡಿ ಕೊಡುತ್ತೇನೆ.