ಸುದ್ದಿಯೆಲ್ಲ ಕೆಟ್ಟದ್ದೇ ಇರುವಾಗ ಹಾಡಿಕೊಂಡು ಖುಷಿಯಾಗಿರೋದು ತಪ್ಪಾ?

ಫೋನ್ ತೆಗೆದರೆ ಯುದ್ಧ, ಸಾವು, ಬೆಲೆ ಏರಿಕೆ. ಇಂಥ ಹೊತ್ತಲ್ಲಿ ಹಾಡು ಕೇಳಿ ಖುಷಿಪಡೋಕೆ ಮನಸ್ಸು ಒಪ್ಪಲ್ಲ, ನೀವೆಲ್ಲ ಏನು ಮಾಡ್ತೀರಿ ಅಂತ ಕೇಳಿದ್ದೀರಿ. ನಾನು ಹಾಡು ಕೇಳೋದು ಕಡಿಮೆ ಮಾಡಿ, ಭಜನೆಯಲ್ಲಿ ತಾಳ ಹಾಕೋಕೆ ಕೂತೆ. ನನ್ನ ಮಟ್ಟಿಗೆ ಅದು ಕೆಲಸ ಮಾಡಿದೆ.

ನಂದು ಚಿಂತಾಮಣಿಯಲ್ಲಿ ಬೋರ್‌ವೆಲ್ ಮೋಟಾರ್ ರಿಪೇರಿ ಅಂಗಡಿ. ಈ ಕಸುಬಿನವರಿಗೆ ಟಿವಿನೇ ಬೇಕಿಲ್ಲ, ಕೆಟ್ಟ ಸುದ್ದಿ ಟ್ರ್ಯಾಕ್ಟರ್‌ನಲ್ಲಿ ಬಂದು ಬಾಗಿಲಲ್ಲೇ ಇಳಿಯುತ್ತೆ. ಸಾವಿರದೈನೂರು ಅಡಿ ಕೊರೆಸಿದರೂ ಬರೀ ಧೂಳು ಬಂತು ಅನ್ನೋರು ಒಬ್ಬರು. ಸುಟ್ಟ ಮೋಟಾರ್ ಇಳಿಸಿ, ‘ಟೊಮೆಟೊಗೆ ರೇಟು ಬರಲಿ ಅಣ್ಣ, ಕೊಟ್ಬಿಡ್ತೀನಿ’ ಅನ್ನೋರು ಇನ್ನೊಬ್ಬರು. ಇದರ ಮೇಲೆ ಸಂಜೆ ಟಿವಿ ಚರ್ಚೆ ಬೇರೆ. ಸಮಾಧಾನಕ್ಕೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ, ಹಾಡು ಬರೋ ಫೋನಿನಲ್ಲೇ ನೋಟಿಫಿಕೇಶನ್ನೂ ಬರುತ್ತಲ್ಲ! ಪಲ್ಲವಿ ಮುಗಿಯೋಷ್ಟರಲ್ಲಿ ಎಲ್ಲೋ ಬಾಂಬ್ ಬಿದ್ದಿರುತ್ತೆ.

ನಮ್ಮೂರ ಗುಡೀಲಿ ಸೋಮವಾರ ರಾತ್ರಿ ಭಜನೆ ಇರುತ್ತೆ. ಹೆಚ್ಚಾಗಿ ಕೈವಾರ ತಾತಯ್ಯನವರ ಕೀರ್ತನೆಗಳು, ಕೆಲವು ತೆಲುಗಿನವು, ಕೆಲವು ಕನ್ನಡದವು. ನಮ್ಮ ಕಡೆ ಎರಡೂ ಮನೆಮಾತೇ, ಯಾರೂ ಲೆಕ್ಕ ಇಡಲ್ಲ. ತಾತಯ್ಯ ಅಂದರೆ ಯೋಗಿ ನಾರೇಯಣರು, ಮೊದಲು ಬಳೆ ಮಾರಿಕೊಂಡಿದ್ದವರು. ಅವರ ಇನ್ನೊಂದು ಮುಖ ಹೊರಗಿನವರಿಗೆ ಅಷ್ಟು ಗೊತ್ತಿರಲ್ಲ: ಕಾಲಜ್ಞಾನ ಹೇಳಿದವರೂ ಅವರೇ. ಮುಂದೆ ಬರೋ ಕೇಡುಗಾಲವನ್ನ ಹೇಳಿದ ಅದೇ ಬಾಯಲ್ಲಿ ಕುಣಿಯೋ ಹಂಗಿರೋ ಕೀರ್ತನೆಗಳೂ ಬಂದಿವೆ. ಲೋಕ ಕೆಟ್ಟಿದೆ ಅಂತ ಗೊತ್ತಿದ್ದವರು ಹಾಡಬಾರದು ಅನ್ನೋ ನಿಯಮ ಇದ್ದಿದ್ದರೆ, ನಮ್ಮ ಭಜನೆಗೆ ಹಾಡೇ ಇರ್ತಿರಲಿಲ್ಲ. ಗುರುಪೂರ್ಣಿಮೆಗೆ ಕೈವಾರದಲ್ಲಿ 72 ಗಂಟೆ ಬಿಡದೆ ಸಂಗೀತ ನಡೆಯುತ್ತೆ. ಸಾಧ್ಯವಾದರೆ ಒಮ್ಮೆ ನಡುರಾತ್ರಿ ಎರಡು ಗಂಟೆ ಹೊತ್ತಿಗೆ ಹೋಗಿ. ಹಗಲಿನ ಜನಜಂಗುಳಿ ಕರಗಿ, ಆಗ ಉಳಿದಿರೋದು ಸಂಗೀತಕ್ಕೇ ಅಂತ ಬಂದವರು.

ತಾಳ ಯಾಕೆ ಅಂತೀರಾ? ಹಾಡು ಕೇಳುವಾಗ ತಲೆ ಎಲ್ಲಿಗೆ ಬೇಕಾದರೂ ಓಡಬಹುದು. ಕೈಯಲ್ಲಿ ತಾಳ ಇದ್ದರೆ ಆಗಲ್ಲ. ಹಾಡೋರ ಉಸಿರು ನೋಡಬೇಕು, ಚರಣ ತಿರುಗೋ ಕಡೆ ಕಾಯಬೇಕು, ಹಾಡಿನ ವೇಗ ಏರಿದಾಗ ಅವರಿಗಿಂತ ಮುಂದೆ ಓಡಬಾರದು. ಎಂಟು ಎಣಿಕೆಯ ಆದಿತಾಳ ಬೇಗ ಒಗ್ಗುತ್ತೆ. ಖಂಡಚಾಪು ಅನ್ನೋ ತಾಳ ಐದೇ ಎಣಿಕೆ, ಆದರೆ ಸುಲಭಕ್ಕೆ ಕೈಗೆ ಬರಲ್ಲ. ಮನಸ್ಸು ಒಂದು ಕ್ಷಣ ಆಚೆ ಹೋದರೂ ಇಡೀ ಗುಡಿ ತಿರುಗಿ ನೋಡುತ್ತೆ. ಆ ಹೊತ್ತಿಗೆ ನನಗೆ ಯಾವ ದೇಶದ ಚಿಂತೆಯೂ ಇರಲ್ಲ, ಇರೋಕೆ ಜಾಗವೇ ಇರಲ್ಲ.

ಜಾತ್ರೆ ದಿನಗಳಲ್ಲಿ ತಮಟೆಯವರೂ ಸೇರ್ತಾರೆ. ಅವರು ಬಂದ ಕೂಡಲೇ ಬಾರಿಸಲ್ಲ. ಗುಡಿ ಹಿಂದೆ ಒಣಹುಲ್ಲು ಹಚ್ಚಿ, ಚರ್ಮವನ್ನ ಆ ಕಾವಿಗೆ ಹಿಡಿದು, ಬೆರಳಲ್ಲಿ ತಟ್ಟಿ ತಟ್ಟಿ ನೋಡ್ತಾರೆ. ಮೊದಲು ಮೆತ್ತಗೆ ‘ದಬ್’ ಅನ್ನುತ್ತೆ, ಬಿಗಿಯಾಗ್ತಾ ಬಂದ ಹಾಗೆ ‘ಟಣ್’ ಅಂತ ಎದ್ದು ಕೂರುತ್ತೆ. ಬಲಗೈಲಿ ದಪ್ಪ ಕೋಲು, ಎಡಗೈಲಿ ಸಣ್ಣ ಕಡ್ಡಿ. ಇದೇ ತಮಟೆಯನ್ನ ಸಾವಿನ ಮನೆ ಮುಂದೆಯೂ ಬಾರಿಸ್ತಾರೆ, ದೇವರ ಉತ್ಸವದಲ್ಲೂ ಬಾರಿಸ್ತಾರೆ. ಬದಲಾಗೋದು ಬಾರಿಸೋ ವರಸೆ ಮಾತ್ರ. ನಮ್ಮ ಜಿಲ್ಲೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಸಿಹಿ ಹಂಚಿದವರಲ್ಲಿ ನಾನೂ ಒಬ್ಬ. ತಮಟೆ ಅಂದರೆ ಮೂಗು ಮುರೀತಿದ್ದ ಕೆಲವರು ಅವತ್ತು ಸಿಹಿ ತಿಂದರು ಅನ್ನೋದೂ ನನಗೆ ಒಂದು ಖುಷಿ, ಸುಳ್ಳು ಯಾಕೆ ಹೇಳಲಿ.

ಇನ್ನು ತಪ್ಪಾ ಅನ್ನೋ ಪ್ರಶ್ನೆ. ನಾನು ಮುಖ ಸಪ್ಪಗೆ ಮಾಡಿಕೊಂಡು ಕೂತರೆ ಯಾರ ಬೋರಿಗೂ ನೀರು ಬರಲ್ಲ. ಸಾಲದಲ್ಲಿ ಮೋಟಾರ್ ಕಟ್ಟಿಕೊಡೋದು ನನ್ನ ಕೈಲಿದೆ, ಅದನ್ನ ಮಂಗಳವಾರ ಬೆಳಿಗ್ಗೆ ಮಾಡ್ತೀನಿ. ಭಜನೆ ಮುಗಿಸಿ ಬಂದ ಮಾರನೇ ದಿನ ಎದುರಿನವರ ಕಷ್ಟ ಕೇಳೋ ತಾಳ್ಮೆ ಹೆಚ್ಚಿರುತ್ತೆ ಅಂತ ನನ್ನ ಹೆಂಡತಿಯ ಅಭಿಪ್ರಾಯ, ನಾನು ವಾದ ಮಾಡಲ್ಲ. ಸುದ್ದಿ ಬಿಟ್ಟೇನೂ ಇಲ್ಲ. ಬೆಳಿಗ್ಗೆ ಆಕಾಶವಾಣಿಯ ಪ್ರದೇಶ ಸಮಾಚಾರ ಕೇಳ್ತೀನಿ, ನನಗೆ ಅಷ್ಟು ಸಾಕು.

ನಿಮ್ಮ ಊರಲ್ಲಿ ಭಜನೆ ಇಲ್ಲ, ಕೇಳೋದೇ ದಾರಿ ಅನ್ನೋದಾದರೆ ಆಕಾಶವಾಣಿಯ ರಾಗಂ ಚಾನೆಲ್ ಹಾಕಿ, 24 ಗಂಟೆಯೂ ಶಾಸ್ತ್ರೀಯ ಸಂಗೀತ. ಫೋನ್ ಮಗುಚಿಟ್ಟು ತೊಡೆ ಮೇಲೆ ತಾಳ ಹಾಕಿ, ತಪ್ಪಿದರೆ ಕೇಳೋರು ಯಾರು? ಚಿಂತಾಮಣಿ ಕಡೆ ಬಂದರೆ ಸೋಮವಾರವೇ ಬನ್ನಿ, ಒಂದು ಜೊತೆ ತಾಳ ಹೆಚ್ಚಿಗೆ ಇದೆ. ಹಾರ್ಮೋನಿಯಂ ಪಕ್ಕ ಮಾತ್ರ ಕೂರಬೇಡಿ, ನಮ್ಮ ಹಾರ್ಮೋನಿಯಂ ತಾತನಿಗೆ ಹೊಸಬರ ತಾಳ ಅಂದರೆ ಮೂಗಿನ ತುದಿಯಲ್ಲೇ ಕೋಪ.