ಸಂಪಾದಕರ ಉತ್ತರ: ದರಿಯಾ ದೌಲತ್ ಗೋಡೆಯ ಕಾಳಗವನ್ನು ನಂಬಬಹುದೇ?

(ಓದುಗರ ಪತ್ರದ ಸಾರ: ನಾನು ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸುವ ಶಿಕ್ಷಕ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಯುದ್ಧಚಿತ್ರವನ್ನು ಕಳೆದ ಸಂಚಿಕೆಯಲ್ಲಿ ನೀವು ಬಾಯಿತುಂಬ ಹೊಗಳಿದ್ದೀರಿ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. "ಸರ್, ಎಲ್ಲರ ಮುಖವೂ ಒಂದೇ ತರಹ ಇದೆಯಲ್ಲ, ಇದು ನಿಜವಾಗಿ ನಡೆದದ್ದೇ?" ಎಂದು ಒಬ್ಬ ಹುಡುಗಿ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಅದು ದೊರೆಯನ್ನು ಮೆಚ್ಚಿಸಲು ಬರೆದ ಚಿತ್ರ; ಸಾಲದ್ದಕ್ಕೆ ಮತ್ತೆ ಮತ್ತೆ ಬಣ್ಣ ಬಳಿದದ್ದು. ಅದಕ್ಕಿಂತ ಇಂಗ್ಲಿಷ್ ಕಲಾವಿದರು ಬರೆದ ಶ್ರೀರಂಗಪಟ್ಟಣದ ಚಿತ್ರಗಳೇ ಸಹಜವಾಗಿವೆ. ಮುಖಪುಟಕ್ಕೆ ಅವುಗಳಲ್ಲೊಂದನ್ನು ಹಾಕಿ. ಅಷ್ಟಕ್ಕೂ ಕೊಂದದ್ದನ್ನು, ಸತ್ತದ್ದನ್ನು ಮ್ಯೂಸಿಯಂನಲ್ಲಿಟ್ಟು ಮಕ್ಕಳಿಗೆ ಏಕೆ ತೋರಿಸಬೇಕು?)

ಮಾನ್ಯರೇ,

ನಿಮ್ಮ ಪತ್ರದಲ್ಲಿ ಸಿಟ್ಟಿದೆ. ಆದರೆ ಅದು ಗೋಡೆಯ ಮುಂದೆ ನಿಂತು ನೋಡಿದವರ ಸಿಟ್ಟು. ಟಿಪ್ಪುವಿನ ಹೆಸರು ಕಂಡ ಕೂಡಲೇ, ಪರವಾಗಿಯೋ ವಿರೋಧವಾಗಿಯೋ, ಏನನ್ನೂ ನೋಡದೆ ಬರೆಯುವವರ ಪತ್ರಗಳು ನಮ್ಮ ಕಚೇರಿಗೆ ಬೇಕಾದಷ್ಟು ಬರುತ್ತವೆ. ಅವನ್ನು ಓದಿ ಬದಿಗಿಡುತ್ತೇವೆ. ನಿಮ್ಮದನ್ನು ಹಾಗೆ ಬದಿಗಿಡಲು ಮನಸ್ಸು ಬರಲಿಲ್ಲ.

ಮೊದಲು ಆ ಗೋಡೆಯ ಮೇಲಿರುವ ಪೊಳ್ಳಿಲೂರು ಕಾಳಗದ ಮಾತು. 1780ರ ಬೇಸಿಗೆ ಕಳೆದ ಮೇಲೆ ಹೈದರ್ ಅಲಿ ಘಟ್ಟವಿಳಿದು ಕರ್ನಾಟಿಕ್ ಸೀಮೆಗೆ (ಇಂದಿನ ತಮಿಳುನಾಡಿನ ಕಡೆಯ ಆರ್ಕಾಟ್ ನವಾಬನ ನಾಡಿಗೆ) ನುಗ್ಗಿ ಆರ್ಕಾಟಿಗೆ ಮುತ್ತಿಗೆ ಹಾಕಿದ. ಗುಂಟೂರಿನ ಕಡೆಯಿಂದ ಕರ್ನಲ್ ವಿಲಿಯಂ ಬೇಯ್ಲಿಯ ಪಡೆ ಬರಬೇಕು, ಬಕ್ಸಾರ್ ಗೆದ್ದ ಖ್ಯಾತಿಯ ಹೆಕ್ಟರ್ ಮನ್ರೋನ ಪಡೆಯನ್ನು ಕಾಂಚೀಪುರದಲ್ಲಿ ಕೂಡಿಕೊಳ್ಳಬೇಕು ಎಂಬುದು ಈಸ್ಟ್ ಇಂಡಿಯಾ ಕಂಪನಿಯ ಯೋಜನೆ. ಬೇಯ್ಲಿ ಕೊರ್ತಲೈಯಾರ್ ನದಿಯ ಆಚೆ ದಡದಲ್ಲಿ ರಾತ್ರಿ ತಂಗಿದ. ಮಳೆ ಬಂದು ಹೊಳೆ ಏರಿತು. ದಾಟಲು ದಿನಗಟ್ಟಲೆ ಕಾಯಬೇಕಾಯಿತು. ಹೈದರನಿಗೆ ಬೇಕಾಗಿದ್ದುದು ಅಷ್ಟೇ. ಸೆಪ್ಟೆಂಬರ್ 6ರಂದು ಪೆರಂಬಾಕ್ಕಂ ಬಳಿ ಟಿಪ್ಪು ಬೇಯ್ಲಿಯನ್ನು ತಡೆದ. 10ರ ಬೆಳಿಗ್ಗೆ ಪೊಳ್ಳಿಲೂರಿನ ಬಯಲಿನಲ್ಲಿ ತಂದೆ ಮಗ ಇಬ್ಬರೂ ಸೇರಿ ಸುತ್ತುವರಿದರು. ಮನ್ರೋ ಇದ್ದುದು ಕೆಲವೇ ಹರದಾರಿ ದೂರದಲ್ಲಿ. ಅವನು ಬರಲಿಲ್ಲ. ಬಂದದ್ದು ಸೋಲಿನ ಸುದ್ದಿ. ಕೇಳಿದವನೇ ಭಾರದ ಫಿರಂಗಿಗಳನ್ನು ಕಾಂಚೀಪುರದ ಕೊಳಕ್ಕೆ ತಳ್ಳಿ ಹಿಂದೆ ಸರಿದ. ಬೇಯ್ಲಿ ಗಾಯಗೊಂಡು ಸೆರೆಯಾದ. 1782ರಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲೇ ಸತ್ತ.

ಈಗ ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಬರೋಣ. ಅವಳ ಕಣ್ಣು ಚುರುಕಾಗಿದೆ. ಹೌದು, ಸಾಲು ಸಾಲು ಕುದುರೆಗಳು, ಸಾಲು ಸಾಲು ಪಕ್ಕನೋಟದ ಮುಖಗಳು, ಮೈಸೂರಿನವರಿಗೆಲ್ಲ ಮೀಸೆ, ಇಂಗ್ಲಿಷರಿಗೆಲ್ಲ ನುಣ್ಣನೆ ಗಲ್ಲ. ಆನೆಯ ಮೇಲಿರುವ ಹೈದರ್ ಮತ್ತು ಟಿಪ್ಪು ಉತ್ಸವಕ್ಕೆ ಹೊರಟವರಷ್ಟು ನಿರಾಳವಾಗಿದ್ದಾರೆ. ಆದರೆ ಅವಳನ್ನು ಇನ್ನೊಂದು ಸಲ ಕರೆದುಕೊಂಡು ಹೋಗಿ, ಮುಖಗಳನ್ನು ಬಿಟ್ಟು ಉಳಿದದ್ದನ್ನು ನೋಡಲು ಹೇಳಿ. ಕೆಂಪಂಗಿಯ ಪಡೆ ನಾಲ್ಕೂ ಕಡೆಗೆ ಬಂದೂಕು ಹಿಡಿದು ಚೌಕಾಕಾರದಲ್ಲಿ ನಿಂತಿದೆ. ಕೊನೆಗಳಿಗೆಯಲ್ಲಿ ಬೇಯ್ಲಿಯ ಪಡೆ ನಿಂತದ್ದು ಹಾಗೆಯೇ. ಆ ಚೌಕದ ನಡುವೆ ಮದ್ದುಗುಂಡಿನ ಬಂಡಿ ಸಿಡಿಯುತ್ತಿದೆ; ಆ ದಿನದ ಗತಿಯನ್ನು ಬದಲಿಸಿದ್ದು ಆ ಸ್ಫೋಟವೇ. ಅದಕ್ಕೆ ಕಿಡಿ ತಗುಲಿದ್ದು ಫಿರಂಗಿಯಿಂದಲೋ ಮೈಸೂರಿನ ರಾಕೆಟ್‌ನಿಂದಲೋ ಎಂದು ಇತಿಹಾಸಕಾರರು ಇಂದಿಗೂ ಜಗ್ಗಾಡುತ್ತಾರೆ. ಬೇಯ್ಲಿ ಪಲ್ಲಕ್ಕಿಯಲ್ಲಿದ್ದಾನೆ, ಗಾಯಗೊಂಡವನು ಕುದುರೆಯ ಮೇಲಿರುವುದು ಹೇಗೆ? ಹೈದರನ ಕಡೆಯ ಫ್ರೆಂಚ್ ಅಧಿಕಾರಿ ಲಾಲಿ ದುರ್ಬೀನು ಹಿಡಿದಿದ್ದಾನೆ. ಇಷ್ಟೆಲ್ಲ ವಿವರಗಳನ್ನು ಚಿತ್ರಕಾರನಿಗೆ ಯಾರೋ ಹತ್ತಿರದಿಂದ ಕಂಡವರು ಹೇಳಿರಲೇಬೇಕು. ಮುಖಗಳು ಒಂದೇ ತರಹ ಇರುವುದು ಆ ಶೈಲಿಯ ರೂಢಿ. ಯಾರ ಕೈ ಮೇಲಾಯಿತು ಎಂದು ತೋರಿಸುವುದು ಅದರ ಕೆಲಸ. ಯಾರ ಮೂಗು ಹೇಗಿತ್ತು ಎಂಬುದನ್ನಲ್ಲ.

ನಿಜವಾಗಿ ಅನುಮಾನಪಡಬೇಕಾದದ್ದು ಆ ಗೋಡೆ ಏನನ್ನು ಬರೆಯಲಿಲ್ಲ ಎಂಬುದರ ಬಗ್ಗೆ. ಪೊಳ್ಳಿಲೂರಿನಲ್ಲಿ ಕಾಳಗ ನಡೆದದ್ದು ಒಂದಲ್ಲ. 1781ರ ಆಗಸ್ಟ್ 27ರಂದು ಕಂಪನಿಯ ಸೇನಾಪತಿ ಸರ್ ಐರ್ ಕೂಟ್ ಅದೇ ನೆಲದಲ್ಲಿ ಹೈದರನನ್ನು ಎದುರಿಸಿದ. ಈ ಸಲ ಹಿಂದೆ ಸರಿದವನು ಹೈದರ್. ಅದಕ್ಕೂ ಮುನ್ನ ಜುಲೈ 1ರಂದು ಪೋರ್ಟೊ ನೊವೊದಲ್ಲಿ ಹೈದರನಿಗೆ ಸ್ಪಷ್ಟವಾದ ಸೋಲಾಗಿತ್ತು. ಅರಮನೆ ಎದ್ದದ್ದು, ಚಿತ್ರ ಬರೆಸಿದ್ದು 1784ರ ಸುಮಾರಿಗೆ. ಅಷ್ಟು ಹೊತ್ತಿಗೆ ಹೈದರ್ ತೀರಿಕೊಂಡಿದ್ದ, ಮಂಗಳೂರಿನ ಒಪ್ಪಂದವಾಗಿತ್ತು, ಟಿಪ್ಪು ಪಟ್ಟಕ್ಕೆ ಬಂದು ಹೆಚ್ಚು ದಿನವಾಗಿರಲಿಲ್ಲ. ಹೊಸ ದೊರೆ ತನ್ನ ಬೇಸಿಗೆಯ ಅರಮನೆಯ ಗೋಡೆಗೆ ಯಾವ ದಿನವನ್ನು ಆರಿಸಿಕೊಳ್ಳುತ್ತಾನೆ? ತಂದೆಯೂ ತಾನೂ ಜೊತೆಯಾಗಿ ಗೆದ್ದ ದಿನವನ್ನೇ. ಅದರಲ್ಲಿ ಆಶ್ಚರ್ಯವೇನಿದೆ? ಆದರೆ ಆಯ್ಕೆಯನ್ನೂ ಸುಳ್ಳನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಮತ್ತೆ ಮತ್ತೆ ಬಣ್ಣ ಬಳಿದದ್ದು ಎಂಬ ನಿಮ್ಮ ಎರಡನೆಯ ಆಕ್ಷೇಪವನ್ನು ಒಪ್ಪುತ್ತೇನೆ. ಆದರೆ ನನಗೆ ಆ ಗೋಡೆ ಬಲು ಇಷ್ಟವಾಗುವುದು ಆ ಕಾರಣಕ್ಕಾಗಿಯೇ. 1799ರ ಮುತ್ತಿಗೆಗೆ ಮೊದಲೇ ಚಿತ್ರ ಹಾಳಾಗಿತ್ತು. ಸುಣ್ಣ ಬಳಿಸಿದವನು ಟಿಪ್ಪುವೇ ಎಂಬ ಮಾತೂ ಇದೆ. ಕೋಟೆ ಬಿದ್ದ ಮೇಲೆ ದರಿಯಾ ದೌಲತ್‌ನಲ್ಲಿ ವಾಸವಾಗಿದ್ದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್‌ಲೂ ಗೆದ್ದ ಡ್ಯೂಕ್ ಆಫ್ ವೆಲ್ಲಿಂಗ್ಟನ್. ಕಂಪನಿಯ ಮಾನ ಹರಾಜಾದ ದಿನದ ಚಿತ್ರ ಅದು. ಅದನ್ನು ಕೆರೆದು ಹಾಕಿಸುವ ಅಧಿಕಾರ ಅವನಿಗಿತ್ತು. ಅವನು ಸರಿಮಾಡಿಸಿದ! ಮುಂದೆ ಮತ್ತೊಮ್ಮೆ ಸುಣ್ಣ ಮೆತ್ತಿಕೊಂಡು ಅರ್ಧ ಅಳಿಸಿಹೋದಾಗ, 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಅಪ್ಪಣೆಯಂತೆ ಭಾರತೀಯ ಚಿತ್ರಕಾರನೊಬ್ಬ ಅದನ್ನು ಮತ್ತೆ ಬರೆದ. ರಾಜ್ಯಗಳನ್ನು ಒಂದೊಂದಾಗಿ ನುಂಗುತ್ತಿದ್ದ ಡಾಲ್‌ಹೌಸಿಯೇ ಅವನು. ಪೂರ್ವ ದಿಕ್ಕಿನ ಗೋಡೆಯ ದರ್ಬಾರುಗಳ ಸಾಲಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರನ್ನೂ ಗುರುತಿಸುತ್ತಾರೆ. ಟಿಪ್ಪು ಸತ್ತ ಮೇಲೆ ಪಟ್ಟವೇರಿದ ದೊರೆ ಟಿಪ್ಪುವಿನ ಗೋಡೆಗೆ ಹೇಗೆ ಬಂದರು ಎಂದು ಮಕ್ಕಳನ್ನು ಕೇಳಿ ನೋಡಿ. ಮೂಲಚಿತ್ರ ಹೇಗಿತ್ತೆಂದು ತಿಳಿಯಲು ಕಾಗದದ ಮೇಲೆ ಬರೆದ ಹಳೆಯ ಪ್ರತಿಗಳು ಇವೆ. ಹತ್ತು ಹಾಳೆಗಳ, ಸುಮಾರು 32 ಅಡಿ ಉದ್ದದ ಒಂದು ಪ್ರತಿ 2022ರಲ್ಲಿ ಲಂಡನ್ನಿನ ಸೋದಬೀಸ್ ಹರಾಜಿನಲ್ಲಿ 6,30,000 ಪೌಂಡಿಗೆ ಹೋಯಿತು.

ಸೋತವರು ತಮ್ಮ ಸೋಲಿನ ಚಿತ್ರವನ್ನು ಏಕೆ ಉಳಿಸಿಕೊಂಡರು? ಉದಾರತೆ ಎಂದು ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕೊನೆಗೆ ಗೆದ್ದವನಿಗೆ ಹಿಂದಿನ ಸೋಲೂ ಒಂದು ಆಭರಣ. ಶತ್ರು ಎಷ್ಟು ಬಲಿಷ್ಠನಾಗಿದ್ದ ಎಂದು ತೋರಿಸಿದಷ್ಟೂ ತನ್ನ ಗೆಲುವಿನ ತೂಕ ಹೆಚ್ಚುತ್ತದೆ.

ಈಗ ನಿಮಗೆ ಸಹಜವೆನಿಸಿದ ಇಂಗ್ಲಿಷರ ಚಿತ್ರಗಳು. ಇಲ್ಲಿ ನಾನು ನಿಮ್ಮೊಡನೆ ಜಗಳವನ್ನೇ ಆಡಬೇಕಾಗುತ್ತದೆ.

ಶ್ರೀರಂಗಪಟ್ಟಣ ಬಿದ್ದದ್ದು 1799ರ ಮೇ 4ರಂದು. ಮರುವರ್ಷವೇ ಲಂಡನ್ನಿನ ಲೈಸಿಯಂ ಸಭಾಂಗಣದಲ್ಲಿ ರಾಬರ್ಟ್ ಕರ್ ಪೋರ್ಟರ್ ಎಂಬ, ಇಪ್ಪತ್ತು ದಾಟಿ ಎರಡು ಮೂರು ವರ್ಷವಾಗಿದ್ದ ಯುವಕ 120 ಅಡಿ ಉದ್ದದ ಮಹಾಚಿತ್ರವನ್ನು ಪ್ರದರ್ಶನಕ್ಕಿಟ್ಟ. ಕೋಟೆಯ ಬಿರುಕು, ಹೊಗೆ, ಏಣಿ, ಕತ್ತಿ ಎಲ್ಲವೂ ಕಣ್ಣಿಗೆ ಕಟ್ಟಿದಂತಿತ್ತು. ಜನ ದುಡ್ಡು ಕೊಟ್ಟು ನುಗ್ಗಿ ನೋಡಿದರು. ಪೋರ್ಟರ್ ಕಾವೇರಿಯನ್ನು ಕಂಡವನಲ್ಲ. ಅಷ್ಟು ದೊಡ್ಡ ಚಿತ್ರವನ್ನು ಅವನು ಬರೆದು ಮುಗಿಸಿದ್ದು ಆರು ವಾರಗಳಲ್ಲಿ ಎನ್ನುತ್ತಾರೆ. ಆ ಚಿತ್ರ ಆಮೇಲೆ ಬೆಂಕಿಗೆ ಆಹುತಿಯಾಯಿತು; ಇಂದು ನಾವು ನೋಡುವುದು ಅದರಿಂದ ತೆಗೆದ ಅಚ್ಚುಗಳನ್ನು.

ನಿಮ್ಮ ಮನಸ್ಸಿನಲ್ಲಿರುವುದು ಬಹುಶಃ ಡೇವಿಡ್ ವಿಲ್ಕಿ 1839ರಲ್ಲಿ ಮುಗಿಸಿದ ದೊಡ್ಡ ಚಿತ್ರ. ಕತ್ತಲು, ದೀಪದ ಬೆಳಕು, ನೆಲದಲ್ಲಿ ಟಿಪ್ಪುವಿನ ದೇಹ, ನಡುವೆ ಎದೆ ಸೆಟೆದು ನಿಂತ ಸೇನಾಪತಿ ಸರ್ ಡೇವಿಡ್ ಬೇರ್ಡ್. ಈಗ ಅದು ಎಡಿನ್‌ಬರೋದಲ್ಲಿದೆ. ಮುಖಗಳು ಒಂದೇ ತರಹ ಇಲ್ಲ, ನಿಜ. ಆದರೆ ವಿಲ್ಕಿಯೂ ಭಾರತಕ್ಕೆ ಬಂದವನಲ್ಲ. ಚಿತ್ರ ಬರೆಸಿದವಳು ಬೇರ್ಡನ ವಿಧವೆ, ಅದೂ ಘಟನೆ ನಡೆದು ನಾಲ್ಕು ದಶಕಗಳ ನಂತರ. ಬೇರ್ಡನ ಕಾಲ ಬುಡದಲ್ಲಿ ಒಂದು ಕಬ್ಬಿಣದ ಜಾಲರಿ ಕಾಣುತ್ತದೆ, ಗಮನಿಸಿದ್ದೀರಾ? ಅದು ಸೆರೆಮನೆಯ ಸೂಚನೆ. ಪೊಳ್ಳಿಲೂರಿನಲ್ಲಿ ಬೇಯ್ಲಿಯೊಡನೆ ಸೆರೆಸಿಕ್ಕ ತರುಣ ಅಧಿಕಾರಿಗಳಲ್ಲಿ ಈ ಬೇರ್ಡನೂ ಒಬ್ಬ. ಮೂರೂವರೆ ವರ್ಷ ಶ್ರೀರಂಗಪಟ್ಟಣದ ಸೆರೆಯಲ್ಲಿದ್ದು 1784ರಲ್ಲಿ ಬಿಡುಗಡೆಯಾದವನು. ಹಾಗಾಗಿ ವಿಲ್ಕಿಯ ಚಿತ್ರ ದರಿಯಾ ದೌಲತ್ ಗೋಡೆಗೆ ಕೊಟ್ಟ ಮಾರುತ್ತರವೆಂದೇ ನಾನು ಓದುತ್ತೇನೆ. ಒಂದರಲ್ಲಿ ದೊರೆಯ ಮಗ ತಂದೆಯನ್ನು ಹೊಗಳಿಸಿದ, ಇನ್ನೊಂದರಲ್ಲಿ ಹೆಂಡತಿ ಗಂಡನನ್ನು ಹೊಗಳಿಸಿದಳು. ನೆರಳು ಬೆಳಕು ಚೆನ್ನಾಗಿ ಬಿದ್ದ ಮಾತ್ರಕ್ಕೆ ಎರಡನೆಯದು ಹೆಚ್ಚು ನಿಜವಾಗುವುದಿಲ್ಲ. (ಕೋಟೆಗೆ ನುಗ್ಗಿದ ಪಡೆಯನ್ನು ನಡೆಸಿದವನು ಬೇರ್ಡ್, ಗೆದ್ದ ಊರಿನ ಆಡಳಿತ ಸಿಕ್ಕಿದ್ದು ಮಾತ್ರ ವೆಲ್ಲೆಸ್ಲಿಗೆ. ಬೇರ್ಡ್ ಈ ಅವಮಾನವನ್ನು ಮರೆಯಲಿಲ್ಲ. ಅವನು ಸೆರೆಸಿಕ್ಕ ದಿನದ ಚಿತ್ರವನ್ನು ಸರಿಮಾಡಿಸಿದವನೂ ಅದೇ ವೆಲ್ಲೆಸ್ಲಿ ಎಂಬುದು ನೆನಪಾದಾಗ ನನಗೆ ನಗು ಬರುತ್ತದೆ.)

ನನ್ನ ಮುಖ್ಯವಾದ ತಕರಾರು ಬೇರೆಯದು. ಅದು ಗೋಡೆಗೂ ಪೋರ್ಟರನಿಗೂ ವಿಲ್ಕಿಗೂ ಸಮನಾಗಿ ಸಲ್ಲುತ್ತದೆ. ಬೇಯ್ಲಿಯ ಪಡೆಯಲ್ಲಿದ್ದವರು ಸುಮಾರು 3,800 ಮಂದಿ. ಅವರಲ್ಲಿ ಬಹುಪಾಲು ಜನ ಯುರೋಪಿನವರಲ್ಲ, ಮದ್ರಾಸಿನ ಸಿಪಾಯಿಗಳು. ಎದುರಿಗಿದ್ದವರೂ ಈ ನೆಲದ ರೈತರ ಮಕ್ಕಳೇ. ಬೇಯ್ಲಿಗೆ ಶ್ರೀರಂಗಪಟ್ಟಣದ ಗುಂಬಜ್ ಬಳಿ 1816ರಲ್ಲಿ ಅವನ ಸಂಬಂಧಿಯೊಬ್ಬ ಸ್ಮಾರಕ ಕಟ್ಟಿಸಿದ. ಆ ಸಿಪಾಯಿಗಳಲ್ಲಿ ಒಬ್ಬನ ಹೆಸರನ್ನಾದರೂ ಈ ಮೂರು ಚಿತ್ರಗಳ ಮುಂದೆ ನಿಂತು ಹೇಳಲು ಸಾಧ್ಯವೇ?

ಇದಕ್ಕೆ ಹೋಲಿಸಿ ನೋಡಲು ನಿಮ್ಮ ಮಕ್ಕಳಿಗೆ ಇನ್ನೊಂದು ಸ್ಮಾರಕ ತೋರಿಸಿ ಎನ್ನುತ್ತೇನೆ. ಅದೂ ಮಂಡ್ಯ ಜಿಲ್ಲೆಯದೇ. ಪೊಳ್ಳಿಲೂರಿನಂತೆ ಕಾಂಚೀಪುರದ ಉತ್ತರಕ್ಕಿರುವ ತಕ್ಕೋಲದಲ್ಲಿ, ಅದಕ್ಕೂ ಎಂಟು ಶತಮಾನಗಳ ಹಿಂದೆ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ಹೋರಾಡಿ ಚೋಳ ರಾಜಾದಿತ್ಯನನ್ನು ಕೊಂದ. ಆ ಯುದ್ಧದ ಸುದ್ದಿಯನ್ನು ಹೊತ್ತ ಕಲ್ಲು ಸಿಕ್ಕಿದ್ದು ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ. ಶಕ 872, ಎಂದರೆ ಕ್ರಿ.ಶ. 949-50ರದು. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸೊತ್ತು. ಅಷ್ಟು ದೊಡ್ಡ ಯುದ್ಧದ ಕಲ್ಲಿನ ಮೇಲೆ ಏನು ಕೆತ್ತಿದೆ? ರಾಜನಲ್ಲ, ಆನೆಯಲ್ಲ. ಒಂದು ನಾಯಿ ಮತ್ತು ಒಂದು ಹಂದಿ!

ಬೂತುಗನ ಕಡೆಯ ವೀರ ಮಣಲೇರನ ಕಾದಾಟವನ್ನು ಮೆಚ್ಚಿದ ದೊರೆ, ಏನು ಬೇಕೆಂದು ಕೇಳಿದನಂತೆ. ಮಣಲೇರ ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು. ಆಮೇಲೊಂದು ದಿನ ಕಾಳಿ ಕಾಡುಹಂದಿಯ ಮೇಲೆ ಬಿದ್ದು, ಎರಡೂ ಹೋರಾಡಿ ಸತ್ತವು. ಆ ನಾಯಿಗಾಗಿ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಪೂಜೆ ಮಾಡದೆ ಉಂಡ ಗೊರವನಿಗೆ (ಶೈವ ಪೂಜಾರಿಗೆ) ಪಾಪ ತಟ್ಟುತ್ತದೆಂದು ಬರೆಸಿದರು. ಬೂತುಗನ ಗೆಲುವು, ಅವನಿಗೆ ಸಿಕ್ಕ ಬನವಾಸಿ ಮೊದಲಾದ ನಾಡುಗಳು ಎಲ್ಲವೂ ಆ ಕಲ್ಲಿನಲ್ಲಿವೆ. ಆದರೆ ಕಲ್ಲು ನಿಂತದ್ದು ಕಾಳಿಗಾಗಿ. ನಮ್ಮ ಊರೂರುಗಳ ವೀರಗಲ್ಲುಗಳೂ ಹೀಗೆಯೇ: ತುರುಗೋಳಿನಲ್ಲಿ (ದನ ಹಿಡಿಯುವ ಕಾಳಗದಲ್ಲಿ) ಸತ್ತವನು, ಹುಲಿಯೊಡನೆ ಸೆಣಸಿ ಸತ್ತವನು, ಊರಳಿವಿನಲ್ಲಿ (ಊರಿನ ಮೇಲೆ ಬಿದ್ದ ದಾಳಿಯಲ್ಲಿ) ಮಡಿದವನು. ರಾಜನ ಹೆಸರು ಕಾಲ ಸೂಚಿಸಲು ಬರುತ್ತದೆ, ಕಲ್ಲು ಸತ್ತವನದು. ಇವು ಯುದ್ಧವನ್ನು ಹೊಗಳುವುದಿಲ್ಲ ಎಂದೇನೂ ನಾನು ಹೇಳುವುದಿಲ್ಲ, ಧಾರಾಳವಾಗಿ ಹೊಗಳುತ್ತವೆ. ಆದರೆ ಸತ್ತವನನ್ನು ಹೆಸರು ಹಿಡಿದು ಹೊಗಳುತ್ತವೆ.

ಮಕ್ಕಳಿಗೆ ಇದನ್ನೆಲ್ಲ ಏಕೆ ತೋರಿಸಬೇಕು ಎಂದಿರಿ. ತೋರಿಸದಿದ್ದರೆ ಅವರು ಮೊಬೈಲ್‌ನಲ್ಲಿ ಇದಕ್ಕಿಂತ ಕೆಟ್ಟದ್ದನ್ನು ನೋಡಿ ನಂಬುತ್ತಾರೆ. ನಿಮ್ಮ ವಿದ್ಯಾರ್ಥಿನಿ ಗೋಡೆಯ ಮುಂದೆ ನಿಂತಳು, ಅನುಮಾನಪಟ್ಟಳು, ಕೇಳಿದಳು. ಪ್ರವಾಸದ ಬಸ್ಸಿನ ಬಾಡಿಗೆ ಅಲ್ಲಿಗೇ ದಕ್ಕಿತು. ಕತ್ತಿ ಕಠಾರಿಗಳ ಗಾಜಿನ ಪೆಟ್ಟಿಗೆಗಳ ಮುಂದೆ ಮಾತ್ರ ಹೆಚ್ಚು ಹೊತ್ತು ಕಳೆಯಬೇಡಿ. ಯಾರದು, ಯಾವ ಕಾಳಗದ್ದು ಎಂದು ತಿಳಿಸದ ಕತ್ತಿ ಮಕ್ಕಳಿಗೆ ಏನನ್ನೂ ಕಲಿಸುವುದಿಲ್ಲ ಎಂಬ ನಿಮ್ಮ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ.

ಮುಖಪುಟದ ವಿಚಾರ: ವಿಲ್ಕಿಯ ಚಿತ್ರವನ್ನು ಮುಖಪುಟಕ್ಕೆ ಹಾಕುವುದಿಲ್ಲ. ಮುಂದಿನ ಸಂಚಿಕೆಯ ನಡುಪುಟಗಳಲ್ಲಿ ಗೋಡೆಯ ಸ್ಫೋಟದ ಭಾಗವನ್ನೂ ವಿಲ್ಕಿಯ ಚಿತ್ರವನ್ನೂ ಎದುರುಬದುರಾಗಿ ಮುದ್ರಿಸುತ್ತೇವೆ. ಆತಕೂರಿನ ಕಲ್ಲಿಗೆ ಪ್ರತ್ಯೇಕ ಪುಟ ಕೊಡುತ್ತೇವೆ. ನಿಮ್ಮ ತರಗತಿಯವರು ಮೂರನ್ನೂ ನೋಡಿ ತಮಗೆ ತೋಚಿದ್ದನ್ನು ಒಂದೊಂದು ಹಾಳೆಯಲ್ಲಿ ಬರೆದು ಕಳುಹಿಸಲಿ. ನೀವು ತಿದ್ದಬೇಡಿ. ಪ್ರಶ್ನೆ ಕೇಳಿದ ಆ ಹುಡುಗಿಯದು ಬಂದೇ ಬರಬೇಕು.

ಇತಿ,
ಸಂಪಾದಕ